ಪರರಾಷ್ಟ್ರಗಳಿಗೆ ಸರಕಾರಿ ಶಸ್ತ್ರವಿಕ್ರಯ: ಅದರ ರೀತಿ ಮತ್ತು ಗತಿ

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ಸೊಲ್ಲಾಪುರದಂಥ ಗಡಿನಾಡಿನ ಊರಿನಲ್ಲಿ ಕನ್ನಡ ಸಂಘದ ವಾರ್ಷಿಕೋತ್ಸವವೆಂದರೆ ಶಿವಯೋಗಿ ಸಿದ್ಧರಾಮನ ಸ್ಮರಣೆ, ನುಡಿಯ ಅಭಿಮಾನ, ಮಕ್ಕಳ ಕನ್ನಡ ಶಾಲೆಯ ಚಿಂತೆ ಇವೇ ಸಹಜವಾದ ವಿಷಯಗಳು. ನಾವು ಇಂದು ಆರಿಸಿಕೊಂಡ ವಿಷಯವು ಆ ಸಾಲಿಗೆ ಸೇರದಂತೆ ತೋರಬಹುದು. ಒಂದು ರಾಷ್ಟ್ರದ ಸರಕಾರವು ಮತ್ತೊಂದು ರಾಷ್ಟ್ರದ ಸರಕಾರಕ್ಕೆ ಯುದ್ಧಸಾಮಗ್ರಿಯನ್ನು ಮಾರುವ ವ್ಯವಹಾರವೇ ಆ ವಿಷಯ. ಇಷ್ಟು ಕೋಟಿ ಡಾಲರಿಗೆ ಇಷ್ಟು ವಿಮಾನಗಳೆಂಬ ಸುದ್ದಿಯನ್ನು ನಾವೆಲ್ಲರೂ ಪತ್ರಿಕೆಯಲ್ಲಿ ಓದಿ ಪುಟ ಮಗುಚುತ್ತೇವೆ. ಆದರೆ ಆ ಹಣ ನಮ್ಮದು. ಆ ಸಾಮಗ್ರಿಯನ್ನು ನಂಬಿ ದೇಶದ ಗಡಿಯಲ್ಲಿ ನಿಲ್ಲುವ ಮಕ್ಕಳು ನಮ್ಮ ಮನೆಗಳವರು. ಇಂಥ ಭಾರವಾದ ವಿಷಯಗಳನ್ನು ನಮ್ಮ ನುಡಿಯಲ್ಲಿಯೇ ಎತ್ತಿ ತೂಗಿ ನೋಡದೆ ಹೋದರೆ, ಆ ನುಡಿಯು ಅಡಿಗೆಮನೆಯಲ್ಲಿ ಉಳಿದೀತೇ ಹೊರತು ನಾಗರಿಕರ ಸಭೆಯಲ್ಲಿ ಉಳಿಯಲಾರದು. ಆದುದರಿಂದ ತಮ್ಮ ತಾಳ್ಮೆಯನ್ನು ಬೇಡಿ ವಿಷಯಕ್ಕೆ ಬರುತ್ತೇವೆ.

ಶಸ್ತ್ರಗಳನ್ನು ಹೊರದೇಶಕ್ಕೆ ಮಾರುವ ದಾರಿಗಳು ಎರಡು. ಕಾರಖಾನೆಯ ಒಡೆಯರು ತಮ್ಮ ಸರಕಾರದ ಪರವಾನಗಿ ಪಡೆದು ನೇರವಾಗಿ ಮಾರುವುದು ಒಂದು. ಸರಕಾರವೇ ನಡುವೆ ನಿಂತು, ತಾನೇ ಕರಾರು ಮಾಡಿಕೊಂಡು, ತಾನೇ ಕೊಂಡು ಕೊಡುವುದು ಇನ್ನೊಂದು. ಈ ಎರಡನೆಯ ದಾರಿಯು ಎಲ್ಲಕ್ಕಿಂತ ವಿಸ್ತಾರವಾಗಿ ಬೆಳೆದದ್ದು ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. ಜಗತ್ತಿನ ಶಸ್ತ್ರ ವ್ಯಾಪಾರವನ್ನು ಲೆಕ್ಕವಿಡುವ ಸ್ಟಾಕ್‌ಹೋಮಿನ ಶಾಂತಿ ಸಂಶೋಧನ ಸಂಸ್ಥೆಯ ಪ್ರಕಾರ, 2020ರಿಂದ 2024ರವರೆಗಿನ ಐದು ವರ್ಷಗಳಲ್ಲಿ ಜಗತ್ತಿನ ದೊಡ್ಡ ಶಸ್ತ್ರಗಳ ನಿರ್ಯಾತದಲ್ಲಿ ನೂರಕ್ಕೆ 43 ಪಾಲು ಆ ಒಂದೇ ದೇಶದ್ದು. ಎರಡನೆಯ ಸ್ಥಾನದ ಫ್ರಾನ್ಸಿನ ಪಾಲು ಹತ್ತನ್ನೂ ಮುಟ್ಟಲಿಲ್ಲ. ಆದುದರಿಂದ ನಾವು ಅಮೇರಿಕದ ರೀತಿಯನ್ನೇ ಮುಖ್ಯವಾಗಿ ನೋಡುವುದು ಯುಕ್ತ.

ಆ ರೀತಿ ಹೀಗಿದೆ. ಕೊಳ್ಳಬಯಸುವ ರಾಷ್ಟ್ರವು ಮೊದಲು ಒಂದು ಬೇಡಿಕೆಯ ಪತ್ರವನ್ನು ಬರೆಯುತ್ತದೆ. ಅಮೇರಿಕದ ವಿದೇಶಾಂಗ ಇಲಾಖೆಯು ಒಪ್ಪಿದರೆ ಸೈನ್ಯ ಇಲಾಖೆಯು ಕರಾರುಪತ್ರವನ್ನು ಸಿದ್ಧಪಡಿಸುತ್ತದೆ. 1976ರ ಶಸ್ತ್ರ ನಿರ್ಯಾತ ನಿಯಂತ್ರಣ ಶಾಸನದಂತೆ, ದೊಡ್ಡ ವ್ಯವಹಾರವಾದರೆ ಅಲ್ಲಿಯ ಸಂಸತ್ತಿಗೆ ಮುಂಚಿತವಾಗಿ ತಿಳಿಸಬೇಕು. ನ್ಯಾಟೋ ಕೂಟದವರಿಗೂ ಜಪಾನ್, ಆಸ್ಟ್ರೇಲಿಯ, ಇಸ್ರೇಲ್ ಮೊದಲಾದ ಕೆಲವು ಆಪ್ತರಿಗೂ ಈ ಅವಧಿ 15 ದಿನ, ಉಳಿದವರಿಗೆ 30 ದಿನ. ಆಮೇಲೆ ಉಭಯ ಸರಕಾರಗಳ ಸಹಿ ಬೀಳುತ್ತದೆ. ಕೊಳ್ಳುವವನು ಮುಂಗಡ ಹಣವನ್ನು ಅಮೇರಿಕದ ಖಜಾನೆಯಲ್ಲಿರುವ ಒಂದು ವಿಶ್ವಸ್ತ ನಿಧಿಯಲ್ಲಿ ಇಡಬೇಕು. ಅನಂತರ ಅಮೇರಿಕದ ಸರಕಾರವು ತನ್ನ ಸೈನ್ಯಕ್ಕೆ ಕೊಳ್ಳುವಂತೆಯೇ ಕಾರಖಾನೆಯಿಂದ ಕೊಂಡು ಕಳಿಸುತ್ತದೆ. ಈ ಕೆಲಸಕ್ಕಾಗಿ 2018ರಿಂದ ಅದು ನೂರಕ್ಕೆ 3.2ರಂತೆ ಆಡಳಿತ ವೆಚ್ಚವನ್ನು ಹಾಕುತ್ತಿದೆ. ನಮ್ಮ ಪೇಟೆಯ ಅಡತಿಯವರ ವ್ಯವಹಾರವನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವ ಮಾತು. ಭೇದವೇನೆಂದರೆ, ಈ ಅಡತಿಯವನ ಕೈಯಲ್ಲಿ ತಕ್ಕಡಿಯೂ ಇದೆ, ಶಾಸನವೂ ಇದೆ. ಪತ್ರದಲ್ಲಿ ಬರೆದ ಬೆಲೆಯು ಅಂದಾಜಿನ ಬೆಲೆ. ಕೊನೆಗೆ ತಗಲಿದ್ದೆಷ್ಟೋ ಅಷ್ಟನ್ನು ಕೊಳ್ಳುವವನೇ ಕೊಡತಕ್ಕದ್ದು.

ಇದರಲ್ಲಿ ಕೊಳ್ಳುವವನಿಗೆ ಲಾಭವಿಲ್ಲವೆಂದಲ್ಲ. ಜಾತ್ರೆಯ ದನಗಳ ಪೇಟೆಯಲ್ಲಿ ದಲಾಲರು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ತಾವೆಲ್ಲರೂ ಕಂಡಿದ್ದೀರಿ. ಶಸ್ತ್ರಗಳ ಖಾಸಗಿ ವ್ಯಾಪಾರದಲ್ಲಿ ಅಂಥ ಮರೆಯ ಬೆರಳುಗಳು ಎಷ್ಟೋ ರಾಷ್ಟ್ರಗಳ ಖಜಾನೆಯನ್ನು ಸೋರಿಸಿವೆ. ಸರಕಾರದ ದಾರಿಯಲ್ಲಿ ವ್ಯವಹಾರವು ಸಂಸತ್ತಿನ ಮುಂದೆ ಬರುತ್ತದೆ, ಅಂದಾಜು ಮೊತ್ತವು ಪ್ರಕಟವಾಗುತ್ತದೆ. ವಿಮಾನದೊಡನೆ ಬಿಡಿಭಾಗಗಳು, ಮದ್ದುಗುಂಡು, ಚಾಲಕರ ಶಿಕ್ಷಣ, ದುರಸ್ತಿಯ ಏರ್ಪಾಡು ಎಲ್ಲವೂ ಒಂದೇ ಕಟ್ಟಿನಲ್ಲಿ ದೊರೆಯುತ್ತವೆ. ಸಣ್ಣ ರಾಷ್ಟ್ರವೊಂದು ತಾನೇ ಚೌಕಾಸಿ ಮಾಡಿ ಪಡೆಯಲಾಗದ ದರವು ಅಮೇರಿಕದ ಸೈನ್ಯದ ದೊಡ್ಡ ಖರೀದಿಯ ಜೊತೆ ಸೇರಿದಾಗ ದೊರೆಯಬಹುದು.

ಆದರೆ ಮುಖ್ಯವಾದ ಮಾತು ಬೇರೆಯಿದೆ. ಪೇಟೆಯಲ್ಲಿ ಎತ್ತನ್ನು ಕೊಂಡ ರೈತನು ಹಣ ಎಣಿಸಿದೊಡನೆ ಹಗ್ಗವನ್ನು ತನ್ನ ಕೈಗೆ ತೆಗೆದುಕೊಳ್ಳುತ್ತಾನೆ. ಆ ಎತ್ತನ್ನು ಗಳೆಗೆ ಹೂಡಲಿ, ಗಾಡಿಗೆ ಕಟ್ಟಲಿ, ಮುಂದಿನ ವರ್ಷ ಮಾರಲಿ, ಮಾರಿದವನು ಕೇಳುವಂತಿಲ್ಲ. ಸರಕಾರಿ ಶಸ್ತ್ರವಿಕ್ರಯದಲ್ಲಿ ಹಾಗಲ್ಲ. ಕೊಂಡ ಸಾಮಗ್ರಿಯನ್ನು ಮೂರನೆಯವರಿಗೆ ಕೊಡಬೇಕಾದರೆ ಮಾರಿದವನ ಅನುಮತಿ ಬೇಕು. ಒಪ್ಪಿದ ಉದ್ದೇಶಕ್ಕಲ್ಲದೆ ಬಳಸಕೂಡದು. ಎಲ್ಲಿಟ್ಟಿದ್ದಾರೆ, ಹೇಗೆ ಕಾಯುತ್ತಿದ್ದಾರೆ ಎಂಬುದನ್ನು ಮಾರಿದವನ ಅಧಿಕಾರಿಗಳು ಬಂದು ನೋಡಬಹುದು. ಬಿಡಿಭಾಗಗಳಿಗಂತೂ ಮೂವತ್ತು ನಾಲ್ವತ್ತು ವರ್ಷ ಅವನ ಬಾಗಿಲಿಗೇ ಹೋಗಬೇಕು. ಎತ್ತು ನಮ್ಮ ಕೊಟ್ಟಿಗೆಯಲ್ಲಿ, ಹಗ್ಗದ ಒಂದು ತುದಿ ಅವನ ಕೈಯಲ್ಲಿ. ಇಲ್ಲಿ ಮಾರಾಟವಾಗುವುದು ಸಾಮಗ್ರಿಯೊಂದೇ ಅಲ್ಲ, ಸಂಬಂಧವೂ ಹೌದು ಎಂಬುದನ್ನು ತಾವು ಮನಸ್ಸಿನಲ್ಲಿಡಬೇಕೆಂದು ನಮ್ಮ ಪ್ರಾರ್ಥನೆ.

ಈ ಸಂಬಂಧವು ಹೇಗೆ ಬೆಳೆದುಬಂದಿತೆಂಬುದನ್ನು ಈಗ ನೋಡೋಣ. ಎರಡನೆಯ ಮಹಾಯುದ್ಧದಲ್ಲಿ, 1941ರ ಮಾರ್ಚ್ ತಿಂಗಳಲ್ಲಿ, ಅಮೇರಿಕವು ಸಾಲ ಮತ್ತು ಗುತ್ತಿಗೆಯ ಶಾಸನವನ್ನು ಮಾಡಿ ಮಿತ್ರರಾಷ್ಟ್ರಗಳಿಗೆ ಯುದ್ಧಸಾಮಗ್ರಿಯನ್ನು ಒದಗಿಸಿತು. ಯುದ್ಧ ಮುಗಿಯುವಷ್ಟರಲ್ಲಿ ಮೂವತ್ತಕ್ಕೂ ಮಿಕ್ಕ ರಾಷ್ಟ್ರಗಳಿಗೆ ಸುಮಾರು 5,000 ಕೋಟಿ ಡಾಲರಿನ ನೆರವು ಹೋಗಿತ್ತು. ಆ ಕಾಲದ ಒಂದು ಸಂಗತಿಯು ನಮ್ಮ ಊರಿಗೂ ನಮ್ಮ ನಾಡಿಗೂ ಸಂಬಂಧಿಸಿದ್ದು. 1882ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲಚಂದ ಹಿರಾಚಂದರು ಮೈಸೂರು ಸರಕಾರದ ನೆರವಿನಿಂದ 1940ರ ಡಿಸೆಂಬರದಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರಖಾನೆಯನ್ನು ಸ್ಥಾಪಿಸಿದರು. 1942ರಲ್ಲಿ ಅದು ಸರಕಾರದ ವಶವಾಯಿತು. 1943ರಲ್ಲಿ ಅಮೇರಿಕದ ಸೈನ್ಯದ ವಾಯುಪಡೆಯ ಕೈಗೆ ಹೋಗಿ, ಅವರ ವಿಮಾನಗಳ ದುರಸ್ತಿಯ ಕೇಂದ್ರವಾಯಿತು. ಸ್ವದೇಶದ ವಿಮಾನವನ್ನು ಕಟ್ಟಬೇಕೆಂದು ಹೊರಟ ಮನೆಯು ಪರದೇಶದ ವಿಮಾನಗಳ ದುರಸ್ತಿಯ ಮನೆಯಾದದ್ದು ಯುದ್ಧಕಾಲದ ಅನಿವಾರ್ಯತೆಯಿರಬಹುದು. ಆದರೂ ಸಾಮಗ್ರಿಯು ಒಬ್ಬರದಾದಾಗ ಅಂಗಳವೂ ಅವರದಾಗುತ್ತದೆಂಬ ಮಾತಿಗೆ ಅದೊಂದು ನಿದರ್ಶನ.

ಯುದ್ಧದ ತರುವಾಯ, 1949ರ ಪರಸ್ಪರ ರಕ್ಷಣಾ ನೆರವಿನ ಶಾಸನದಿಂದ ಆರಂಭಿಸಿ ಸುಮಾರು ಒಂದು ದಶಕದ ಕಾಲ, ಅಮೇರಿಕದ ಶಸ್ತ್ರಗಳು ಬಹುಮಟ್ಟಿಗೆ ದಾನವಾಗಿಯೇ ಹೋದವು. ಅರವತ್ತರ ದಶಕದಲ್ಲಿ ಗಾಳಿ ತಿರುಗಿತು. ಪರದೇಶಗಳಲ್ಲಿ ಇರಿಸಿದ ಸೈನ್ಯದ ವೆಚ್ಚದಿಂದ ಅಮೇರಿಕದ ಬಂಗಾರವು ಹೊರಹರಿಯತೊಡಗಿದಾಗ, ಯುದ್ಧದ ಗಾಯ ಮಾಯ್ದು ಶ್ರೀಮಂತವಾಗಿದ್ದ ಯುರೋಪಿಗೆ ಪುಕ್ಕಟೆ ಕೊಡುವ ಬದಲು ಮಾರುವುದೇ ಲೇಸೆಂದು ಅಲ್ಲಿಯವರು ಕಂಡುಕೊಂಡರು. 1968ರಲ್ಲಿ ವಿದೇಶಿ ಸೈನಿಕ ವಿಕ್ರಯ ಶಾಸನವು ಬಂದಿತು. ಮರುವರ್ಷ ಅಧ್ಯಕ್ಷ ನಿಕ್ಸನ್ನರು ಗುವಾಮ್ ದ್ವೀಪದಲ್ಲಿ, ಮಿತ್ರರ ರಕ್ಷಣೆಗೆ ಅಮೇರಿಕದ ಸಿಪಾಯಿಗಳಿಗಿಂತ ಮಿತ್ರರ ಸಿಪಾಯಿಗಳೇ ಮುಂದೆ ನಿಲ್ಲಬೇಕೆಂಬ ನೀತಿಯನ್ನು ಸಾರಿದರು. ಸಿಪಾಯಿಯು ಮಿತ್ರನವನಾದರೆ ಕೋವಿಯು ಅಮೇರಿಕದ್ದು ಎಂಬುದು ಅದರ ತಾತ್ಪರ್ಯ. 1973ರಲ್ಲಿ ತೈಲದ ಬೆಲೆಯೇರಿ ಪಶ್ಚಿಮ ಏಶಿಯದ ಅರಸರ ಕೈಯಲ್ಲಿ ಹಣ ತುಂಬಿದಾಗ ಈ ವ್ಯಾಪಾರಕ್ಕೆ ಹೊಳೆ ಬಂದಂತಾಯಿತು.

ಆ ಹೊಳೆಯಲ್ಲಿ ಮೊದಲು ತೇಲಿ ಆಮೇಲೆ ಮುಳುಗಿದವನು ಇರಾನದ ಶಹಾ. ಅವನು ಅಂದಿನ ಅತ್ಯಾಧುನಿಕ ಎಫ್-14 ಯುದ್ಧವಿಮಾನಗಳನ್ನು 80 ಕೇಳಿದನು, 79 ಕೈಸೇರಿದವು. ನಾಲ್ಕು ದೊಡ್ಡ ಯುದ್ಧನೌಕೆಗಳನ್ನು ಕಟ್ಟಲು ಹೇಳಿದನು. 1979ರಲ್ಲಿ ಕ್ರಾಂತಿಯಾಗಿ ಶಹಾ ಓಡಿಹೋದನು, ಸ್ನೇಹವು ವೈರವಾಯಿತು. ಆ ನಾಲ್ಕು ನೌಕೆಗಳನ್ನು ಅಮೇರಿಕದ ನೌಕಾಪಡೆಯೇ ಇಟ್ಟುಕೊಂಡಿತು. ಕಾಲು ಶತಮಾನದ ಮೇಲೆ, 2005 ಮತ್ತು 2006ರಲ್ಲಿ, ಅವು ತೈವಾನಿಗೆ ಸೇರಿದವು. ಇರಾನವು ನಿಧಿಯಲ್ಲಿಟ್ಟಿದ್ದ 40 ಕೋಟಿ ಡಾಲರ್ ಅಲ್ಲಿಯೇ ಸಿಲುಕಿತು. 1981ರಲ್ಲಿ ಹೇಗ್ ನಗರದಲ್ಲಿ ಸ್ಥಾಪಿತವಾದ ಪಂಚಾಯಿತಿಯ ಮುಂದೆ ಬಹುಕಾಲ ವ್ಯಾಜ್ಯ ನಡೆದು, 2016ರ ಜನವರಿಯಲ್ಲಿ ರಾಜಿಯಾಗಿ, ಸುಮಾರು 130 ಕೋಟಿ ಬಡ್ಡಿಯೊಡನೆ ಒಟ್ಟು 170 ಕೋಟಿ ಡಾಲರ್ ಹಿಂದಿರುಗಿತು. ಇನ್ನು ಕೈಸೇರಿದ ವಿಮಾನಗಳಿಗೆ ಬಿಡಿಭಾಗ ನಿಂತವು. ಅಮೇರಿಕವು ತನ್ನ ಎಫ್-14 ವಿಮಾನಗಳನ್ನು 2006ರಲ್ಲಿ ಸೇವೆಯಿಂದ ತೆಗೆದ ಮೇಲೆ, ಅವುಗಳ ಭಾಗಗಳು ಕಳ್ಳದಾರಿಯಿಂದ ಇರಾನಿಗೆ ಹೋದಾವೆಂದು ಎಷ್ಟೋ ವಿಮಾನಗಳನ್ನು ಚೂರುಚೂರು ಮಾಡಿಸಿತು. ಹಗ್ಗವೆಂದರೆ ಇದೇ.

ನಮ್ಮ ನೆರೆಯ ಪಾಕಿಸ್ತಾನದ ಕತೆಯೂ ಇಷ್ಟೇ ಬೋಧಪ್ರದವಾಗಿದೆ. ಆ ದೇಶದ ಬಳಿ ಅಣ್ವಸ್ತ್ರವಿಲ್ಲವೆಂದು ಅಮೇರಿಕದ ಅಧ್ಯಕ್ಷರು ಪ್ರತಿವರ್ಷ ಪ್ರಮಾಣಪತ್ರ ಕೊಟ್ಟರೆ ಮಾತ್ರ ನೆರವು ಸಲ್ಲುವುದೆಂದು 1985ರಲ್ಲಿ ಒಂದು ತಿದ್ದುಪಡಿ ಬಂದಿತ್ತು. ಅಫಘಾನಿಸ್ತಾನದಲ್ಲಿ ಸೋವಿಯೆತ್ ಸೈನ್ಯವಿದ್ದಷ್ಟು ಕಾಲ ಪ್ರಮಾಣಪತ್ರವು ತಪ್ಪದೆ ದೊರೆಯಿತು. ಆ ಸೈನ್ಯ ಹಿಂದೆ ಸರಿದ ಮೇಲೆ, 1990ರಲ್ಲಿ, ದೊರೆಯಲಿಲ್ಲ. ಪಾಕಿಸ್ತಾನವು 65.8 ಕೋಟಿ ಡಾಲರ್ ಕೊಟ್ಟಿದ್ದ 28 ಎಫ್-16 ವಿಮಾನಗಳು ಅಮೇರಿಕದ ಅರಿಝೋನಾ ಮರುಭೂಮಿಯಲ್ಲಿಯೇ ನಿಂತುಬಿಟ್ಟವು. 1998ರ ಕೊನೆಗೆ ತಂಟೆ ಬಗೆಹರಿದಾಗ ದೊರೆತದ್ದು ಸ್ವಲ್ಪ ನಗದು, ಸ್ವಲ್ಪ ಗೋದಿ ಮೊದಲಾದ ಪದಾರ್ಥ. ನೆರೆಯವನ ಪೇಚಾಟವನ್ನು ಕಂಡು ನಗುವುದು ನಮಗೆ ತಕ್ಕುದಲ್ಲ. ಏಕೆಂದರೆ 1962ರಲ್ಲಿ ಚೀನದ ಆಕ್ರಮಣವಾದಾಗ ನಮಗೂ ಅಮೇರಿಕದ ಶಸ್ತ್ರಗಳು ಬಂದಿದ್ದವು. 1965ರ ಯುದ್ಧದಲ್ಲಿ ನಮಗೂ ಪಾಕಿಸ್ತಾನಕ್ಕೂ ಒಟ್ಟಿಗೇ ನಿಂತವು. 1998ರ ಮೇ ತಿಂಗಳ ಪೋಖರಣ ಪರೀಕ್ಷೆಗಳ ನಂತರ, ನಮ್ಮ ಲಘು ಯುದ್ಧವಿಮಾನದ ಚಾಲನ ವ್ಯವಸ್ಥೆಗಾಗಿ ಅಮೇರಿಕದಲ್ಲಿ ದುಡಿಯುತ್ತಿದ್ದ ಬೆಂಗಳೂರಿನ ವಿಜ್ಞಾನಿಗಳು ಬರಿಗೈಯಲ್ಲಿ ಮರಳಬೇಕಾಯಿತು. ಅದು ಸರಕಾರಿ ವಿಕ್ರಯದ ವ್ಯವಹಾರವಲ್ಲದಿದ್ದರೂ ಅನುಮತಿಯೆಂಬ ಹಗ್ಗ ಅದೇ. ಆ ಕೆಲಸವನ್ನು ಅವರು ಬೆಂಗಳೂರಿನಲ್ಲಿಯೇ ಪೂರೈಸಿದರು. 2001ರ ಜನವರಿ 4ರಂದು ವಿಮಾನವು ಬೆಂಗಳೂರಿನ ಆಕಾಶಕ್ಕೇರಿತು.

ಹಾಗಾದರೆ ಮಾರುವ ದೇಶದ ಪ್ರಜಾಪ್ರತಿನಿಧಿಗಳು ಇದಕ್ಕೆ ಅಂಕುಶ ಹಾಕುವುದಿಲ್ಲವೇ ಎಂದು ತಾವು ಕೇಳಬಹುದು. ಯತ್ನಗಳು ನಡೆದಿವೆ. 1977ರಲ್ಲಿ ಅಧ್ಯಕ್ಷ ಕಾರ್ಟರರು ಶಸ್ತ್ರವಿಕ್ರಯವು ಅಪವಾದವಾಗಬೇಕೇ ಹೊರತು ವಾಡಿಕೆಯಾಗಬಾರದೆಂಬ ನೀತಿಯನ್ನು ಘೋಷಿಸಿದರು. 1981ರಲ್ಲಿ ಅಧ್ಯಕ್ಷ ರೇಗನ್ನರು ಅದನ್ನು ಬದಿಗಿಟ್ಟರು. ಸಂಸತ್ತಿಗೆ ನಿಷೇಧದ ನಿರ್ಣಯ ಮಾಡುವ ಅಧಿಕಾರವಿದೆ. ಅಧ್ಯಕ್ಷರಿಗೆ ಅದನ್ನು ತಿರಸ್ಕರಿಸುವ ಅಧಿಕಾರವೂ ಇದೆ. ಯೆಮೆನ್ನಿನ ಯುದ್ಧದ ಕಾರಣದಿಂದ ಸೌದಿ ಅರೇಬಿಯಕ್ಕೂ ಸಂಯುಕ್ತ ಅರಬ್ ಎಮಿರೇಟುಗಳಿಗೂ ಶಸ್ತ್ರ ಕೊಡಕೂಡದೆಂದು 2019ರಲ್ಲಿ ಉಭಯ ಸದನಗಳೂ ನಿರ್ಣಯ ಮಾಡಿದವು. ಅಧ್ಯಕ್ಷ ಟ್ರಂಪರು ತಿರಸ್ಕರಿಸಿದರು. ಅದನ್ನು ಮೀರುವಷ್ಟು ಮತಗಳು ಸೆನೆಟ್ಟಿನಲ್ಲಿ ದೊರೆಯಲಿಲ್ಲ. ಅಂಕುಶವಿದೆ, ಆದರೆ ಆನೆಯ ನಡೆ ಅದರಿಂದ ಬದಲಾದದ್ದು ಕಡಮೆ.

ಇನ್ನು ಇತ್ತೀಚಿನ ಗತಿ. 2022ರ ಫೆಬ್ರುವರಿಯಲ್ಲಿ ರಶಿಯವು ಉಕ್ರೇನದ ಮೇಲೆ ದಂಡೆತ್ತಿ ಹೋದ ಮೇಲೆ ಈ ವ್ಯವಹಾರವು ಹಿಂದೆಂದೂ ಕಾಣದ ಎತ್ತರಕ್ಕೇರಿತು. ಅಮೇರಿಕದ ಸರಕಾರಿ ದಾರಿಯ ಮೊತ್ತವು 2022ರ ಹಣಕಾಸು ವರ್ಷದಲ್ಲಿ 5,190 ಕೋಟಿ ಡಾಲರ್ ಇದ್ದದ್ದು 2023ರಲ್ಲಿ 8,090 ಕೋಟಿಯಾಗಿ, 2024ರಲ್ಲಿ 11,790 ಕೋಟಿಯಾಯಿತು. ಎರಡೇ ವರ್ಷಗಳಲ್ಲಿ ಇಮ್ಮಡಿಯನ್ನೂ ದಾಟಿತೆಂದ ಹಾಗಾಯಿತು. ಈ ಕೊನೆಯ ಮೊತ್ತದಲ್ಲಿ ಸುಮಾರು 9,690 ಕೋಟಿಯು ಕೊಳ್ಳುವ ರಾಷ್ಟ್ರಗಳು ತಮ್ಮ ಹಣದಿಂದಲೇ ಕೊಂಡದ್ದು; ಉಳಿದದ್ದು ಅಮೇರಿಕವೇ ಕೊಟ್ಟ ನೆರವು. 2022ರ ಡಿಸೆಂಬರದಲ್ಲಿ ಜರ್ಮನಿ 35 ಎಫ್-35 ವಿಮಾನಗಳಿಗೆ ಒಪ್ಪಿತು. 2024ರ ಅಗಸ್ಟಿನಲ್ಲಿ ಪೋಲಂಡ್ 96 ಅಪಾಚಿ ಹೆಲಿಕಾಪ್ಟರುಗಳಿಗೆ ಸಹಿ ಹಾಕಿತು. ಇತ್ತ ರಶಿಯವು ತನ್ನ ಸಾಮಗ್ರಿ ತನ್ನ ಯುದ್ಧಕ್ಕೇ ಸಾಲದಂತಾಗಿ ಮಾರುವ ಪೇಟೆಯಿಂದ ಹಿಂದೆ ಸರಿಯಿತು. 2015ರಿಂದ 2019ರವರೆಗಿನ ಅವಧಿಗೆ ಹೋಲಿಸಿದರೆ 2020ರಿಂದ 2024ರವರೆಗೆ ಅದರ ನಿರ್ಯಾತವು ನೂರಕ್ಕೆ 64ರಷ್ಟು ಇಳಿಯಿತು.

ಆದರೆ ಆಜ್ಞೆ ಹೆಚ್ಚಿದಂತೆ ಕಾರಖಾನೆ ಹೆಚ್ಚಲಿಲ್ಲ. ನಮ್ಮ ಗಿರಣಿಗಳ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಗದದ ಮೇಲೆ ಎಷ್ಟು ಗಜ ಬರೆದರೂ ಮಗ್ಗವು ನೇಯುವಷ್ಟೇ ನೇಯುತ್ತದೆ. ತೈವಾನವು 2019ರಲ್ಲಿ ಗೊತ್ತುಮಾಡಿದ 66 ಎಫ್-16 ವಿಮಾನಗಳಲ್ಲಿ ಮೊದಲನೆಯದು ಕಾರಖಾನೆಯಲ್ಲಿ ಸಿದ್ಧವಾಗಿ ಪ್ರದರ್ಶಿತವಾದದ್ದು 2025ರ ಮಾರ್ಚಿನಲ್ಲಿ. ಈ ವಿಳಂಬವನ್ನು ಕಡಮೆ ಮಾಡಬೇಕೆಂದು 2025ರ ಏಪ್ರಿಲಿನಲ್ಲಿ ಅಮೇರಿಕದ ಅಧ್ಯಕ್ಷರ ಆಜ್ಞೆಯೂ ಹೊರಟಿತು. ಕಾಯಲಾರದವರು ಬೇರೆ ಬಾಗಿಲುಗಳನ್ನು ತಟ್ಟುತ್ತಿದ್ದಾರೆ. ಪೋಲಂಡ್ 2022ರಲ್ಲಿ ದಕ್ಷಿಣ ಕೊರಿಯದಿಂದ ರಣಗಾಡಿಗಳನ್ನೂ ತೋಪುಗಳನ್ನೂ ಕೊಂಡದ್ದು ಇದಕ್ಕೆ ಸಾಕ್ಷಿ.

ಭಾರತವು ಈ ಚಿತ್ರದಲ್ಲಿ ಎಲ್ಲಿದೆ? 2020ರಿಂದ 2024ರ ಅವಧಿಯಲ್ಲಿ ಶಸ್ತ್ರ ಕೊಳ್ಳುವವರಲ್ಲಿ ಉಕ್ರೇನದ ನಂತರ ಎರಡನೆಯ ಸ್ಥಾನ ನಮ್ಮದು. ಅಮೇರಿಕದ ಸರಕಾರಿ ದಾರಿಯಲ್ಲಿ ನಾವು 2002ರಲ್ಲಿ ಶತ್ರುವಿನ ತೋಪುಗಳಿರುವ ಸ್ಥಳವನ್ನು ಗುರುತಿಸುವ ರೇಡಾರುಗಳಿಂದ ಹೊಸದಾಗಿ ಆರಂಭಿಸಿದೆವು. 2011ರಲ್ಲಿ ಹತ್ತು ಭಾರಿ ಸಾಗಾಟದ ವಿಮಾನಗಳು, 2016ರಲ್ಲಿ 145 ಹಗುರ ತೋಪುಗಳು, 2020ರಲ್ಲಿ ನೌಕಾಪಡೆಗೆ 24 ಹೆಲಿಕಾಪ್ಟರುಗಳು, 2024ರ ಅಕ್ಟೋಬರಿನಲ್ಲಿ ಚಾಲಕರಿಲ್ಲದ 31 ವಿಮಾನಗಳು, ಹೀಗೆ ಪಟ್ಟಿ ಬೆಳೆದಿದೆ. ಆ 145 ತೋಪುಗಳಲ್ಲಿ 120ನ್ನು ಭಾರತದಲ್ಲಿಯೇ ಜೋಡಿಸುವಂತೆ ಗೊತ್ತಾದದ್ದು ಗಮನಿಸತಕ್ಕ ಮಾತು. ಸಾಮಗ್ರಿಯೊಡನೆ ವಿದ್ಯೆಯೂ ಬಂದರೆ ಹಗ್ಗವು ಅಷ್ಟರ ಮಟ್ಟಿಗೆ ಸಡಿಲವಾಗುತ್ತದೆ. ಇದೇ ಎಚ್ಚರದಿಂದ ನಮ್ಮ ಸರಕಾರವು ಒಂದೇ ಮನೆಯನ್ನು ನಂಬದೆ, 2016ರಲ್ಲಿ ಫ್ರಾನ್ಸ್ ಸರಕಾರದೊಡನೆ 36 ರಫಾಲ್ ವಿಮಾನಗಳಿಗೂ 2018ರಲ್ಲಿ ರಶಿಯದೊಡನೆ ವಿಮಾನನಾಶಕ ಕ್ಷಿಪಣಿಗಳಿಗೂ ಒಪ್ಪಂದ ಮಾಡಿಕೊಂಡಿತು. ಹಲವು ಮನೆಗಳ ಸಾಮಗ್ರಿಯನ್ನು ಒಂದೇ ಸೈನ್ಯದಲ್ಲಿ ಹೊಂದಿಸುವುದು ಕಷ್ಟ, ವೆಚ್ಚವೂ ಹೆಚ್ಚು. ಆದರೆ ಒಬ್ಬನೇ ಹಿಡಿದ ಹಗ್ಗಕ್ಕಿಂತ ಅದು ಮೇಲೆಂಬ ವಿಚಾರವು ಅದರ ಹಿಂದಿದೆ.

ಈಗ ಇನ್ನೊಂದು ಬದಲಾವಣೆ ನಮ್ಮ ಕಣ್ಣಮುಂದೆಯೇ ನಡೆದಿದೆ. ಕೊಳ್ಳುವವರಾಗಿದ್ದ ನಾವು ಮಾರುವವರೂ ಆಗುತ್ತಿದ್ದೇವೆ. 2013-14ರಲ್ಲಿ 686 ಕೋಟಿ ರೂಪಾಯಿ ಇದ್ದ ನಮ್ಮ ರಕ್ಷಣಾ ನಿರ್ಯಾತವು 2024-25ರಲ್ಲಿ 23,622 ಕೋಟಿ ರೂಪಾಯಿಗೆ ಏರಿತು. ಫಿಲಿಪ್ಪೀನ್ಸ್ 2022ರ ಜನವರಿಯಲ್ಲಿ ಬ್ರಹ್ಮೋಸ್ ಕ್ಷಿಪಣಿಗಳಿಗೆ ಕರಾರು ಮಾಡಿಕೊಂಡಿತು. 2024ರ ಏಪ್ರಿಲಿನಲ್ಲಿ ಮೊದಲ ಕಂತು ತಲುಪಿತು. ಇದು ಹೆಮ್ಮೆಯ ಸಂಗತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಗ್ಗದ ತುದಿಯು ನಮ್ಮ ಕೈಗೆ ಬಂದಾಗ, ಇಷ್ಟು ದಿನ ಅನ್ಯರಿಗೆ ಕೇಳುತ್ತಿದ್ದ ಪ್ರಶ್ನೆಗಳನ್ನು ನಾವು ನಮಗೇ ಕೇಳಿಕೊಳ್ಳಬೇಕಾಗುತ್ತದೆ. ನಾವು ಕೊಟ್ಟ ಆಯುಧವು ಯಾರ ಮೇಲೆ ತಿರುಗೀತು? ಇಂದಿನ ಮಿತ್ರನ ಮನೆಯಲ್ಲಿ ನಾಳೆ ಅಧಿಕಾರ ಬದಲಾದರೆ ಏನು? ನಮ್ಮ ಸಂಸತ್ತಿಗೆ ಇದರ ವಿವರ ಎಷ್ಟು ತಿಳಿಯುತ್ತದೆ?

ಕೊಳ್ಳುವಾಗಲೂ ನಾಗರಿಕರು ಕೇಳತಕ್ಕ ಪ್ರಶ್ನೆಗಳು ಮೂರು. ಪ್ರಕಟವಾದ ಮೊತ್ತದಲ್ಲಿ ವಿಮಾನದ ಬೆಲೆಯೆಷ್ಟು, ಬಿಡಿಭಾಗ ಶಿಕ್ಷಣಗಳ ಬೆಲೆಯೆಷ್ಟು? ಸಾಮಗ್ರಿಯು ಕೈಸೇರುವುದು ಯಾವ ವರ್ಷ? ಸ್ನೇಹ ಕೆಟ್ಟ ದಿನ ಅದನ್ನು ನಾವೇ ದುರಸ್ತಿ ಮಾಡಿಕೊಳ್ಳಬಲ್ಲೆವೇ? ಈ ಮೂರನ್ನು ಕೇಳಲು ಸೈನ್ಯವಿದ್ಯೆ ಬೇಕಿಲ್ಲ. ಮೋಟಾರು ಪಂಪು ಕೊಳ್ಳುವ ರೈತನು ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳೇ ಇವು. ದೊಡ್ಡ ಮೊತ್ತವನ್ನು ಕಂಡೊಡನೆ ಆ ರೈತನ ವಿವೇಕವನ್ನು ನಾವು ಕಳೆದುಕೊಳ್ಳಬಾರದು.

ರಾಷ್ಟ್ರಕ್ಕೆ ಆಯುಧ ಬೇಡವೆಂದು ನಾವು ಹೇಳುವವರಲ್ಲ. 1962ರ ನೆನಪಿರುವ ದೇಶವು ಹಾಗೆ ಹೇಳಲಾರದು. ಆಯುಧವನ್ನು ಕೊಳ್ಳುವಾಗ ಬೆಲೆಯೊಡನೆ ಹಗ್ಗದ ಉದ್ದವನ್ನೂ ಅಳೆಯಬೇಕೆಂಬುದಷ್ಟೇ ನಮ್ಮ ಮಾತು. ಮನೆಗೆ ಮರಳಿದ ಮೇಲೆ, ನಾಳೆಯ ಪತ್ರಿಕೆಯಲ್ಲಿ ಇಂಥ ಸುದ್ದಿ ಬಂದರೆ, ತಾವು ಪುಟ ಮಗುಚದೆ ಮಕ್ಕಳನ್ನು ಕೂಡಿಸಿಕೊಂಡು ಕನ್ನಡದಲ್ಲಿಯೇ ಅದನ್ನು ಚರ್ಚಿಸಿದರೆ ಇಂದಿನ ನಮ್ಮ ಶ್ರಮ ಸಾರ್ಥಕ. ಗಡಿಯಲ್ಲಿದ್ದು ನುಡಿಯ ದೀಪವನ್ನು ಕಾಯುತ್ತಿರುವ ಈ ಸಂಘವು ವರ್ಷದಿಂದ ವರ್ಷಕ್ಕೆ ಬಲಗೊಳ್ಳಲೆಂದು ಹಾರೈಸುತ್ತೇವೆ.